ಮಳೆ ಹಿಡಿಯುವ ಮೊದಲು ಟೊಮೆಟೊ

ಫೆಬ್ರವರಿ ಕಳೆಯುವ ಹೊತ್ತಿಗೆ ಬದಿಯಡ್ಕ, ಮುಳ್ಳೇರಿಯದ ತರಕಾರಿ ಅಂಗಡಿಗಳ ಮುಂದೆ ಟೊಮೆಟೊ ಕ್ರೇಟುಗಳು ಒಂದರ ಮೇಲೊಂದು ಏರಿರುತ್ತವೆ. ‘ತಕ್ಕಾಳಿ ಅಗ್ಗ ಉಂಟು, ಕೊಂಡುಹೋಗಿ’ ಎಂದು ಅಂಗಡಿಯವರು ಕರೆದಾಗ ಅಗಲ್ಪಾಡಿಗೆ ಬಸ್ಸು ಹತ್ತುವ ನಾವು ಎರಡು ಕಿಲೋ ಬೇಕಾದಲ್ಲಿ ಐದು ಕಿಲೋ ತುಂಬಿಸಿಕೊಳ್ಳುತ್ತೇವೆ. ಮೂರನೆಯ ದಿನ ಬುಟ್ಟಿಯ ಅಡಿಯಲ್ಲಿ ನೀರು. ನಾಲ್ಕನೆಯ ದಿನ ನೊಣ. ಐದನೆಯ ದಿನ ಅರ್ಧಕ್ಕರ್ಧ ಬಾಳೆಬುಡಕ್ಕೆ.

ಜುಲೈಯಲ್ಲಿ ಇದೇ ಹಣ್ಣನ್ನು ನಾಲ್ಕೈದು ಪಟ್ಟು ಬೆಲೆ ಕೊಟ್ಟು ತರಬೇಕಾಗುವ ವರ್ಷಗಳಿವೆ. 2023ರ ಜುಲೈಯಲ್ಲಿ ಕಿಲೋಗೆ ನೂರು ರೂಪಾಯಿ ದಾಟಿದ್ದು ಎಲ್ಲರಿಗೂ ನೆನಪಿರಬಹುದು. ಹಾಗೆ ತಂದದ್ದೂ ಘಟ್ಟ ಇಳಿದು, ಮಳೆಯಲ್ಲಿ ನೆನೆದು, ತೊಟ್ಟಿನ ಹತ್ತಿರ ಕಪ್ಪು ಹಿಡಿದಿರುತ್ತದೆ.

ಕಾಪಿಡುವ ವಿದ್ಯೆ ನಮ್ಮ ಮನೆಗಳಿಗೆ ಹೊಸದೇನಲ್ಲ. ಮಾವಿನ ಮಿಡಿ ಭರಣಿಯಲ್ಲಿ, ಹಲಸಿನ ಸೊಳೆ ಉಪ್ಪುನೀರಿನಲ್ಲಿ, ಪುನರ್ಪುಳಿಯ ಸಿಪ್ಪೆ ಬಿಸಿಲಿನಲ್ಲಿ, ಎಲ್ಲವೂ ಮಳೆಗಾಲಕ್ಕೆಂದೇ ತಯಾರಾಗುತ್ತವೆ. ಆದರೆ ಇದೇ ಕೈ ಟೊಮೆಟೊಗೆ ಬಂದಾಗ ಸೋಲುತ್ತದೆ. ಮಿಡಿಗೆ ಹಾಕಿದಂತೆ ಉಪ್ಪು ಹಾಕಿ ಭರಣಿಯಲ್ಲಿಟ್ಟರೆ ಹದಿನೈದು ದಿನಕ್ಕೆ ನೊರೆ ಬರುತ್ತದೆ. ದಕ್ಷಿಣ ಅಮೆರಿಕದಲ್ಲಿ ಹುಟ್ಟಿ ಯುರೋಪಿನವರ ಹಡಗಿನಲ್ಲಿ ನಮ್ಮ ಕಡೆಗೆ ಬಂದ ಈ ಹಣ್ಣು ನಮ್ಮ ಶ್ರಾದ್ಧದ ಅಡುಗೆಯೊಳಗೆ ಇವತ್ತಿಗೂ ಸೇರಿಲ್ಲ. ಅಜ್ಜಿಯಂದಿರ ಭರಣಿಯ ಲೆಕ್ಕದಲ್ಲಿ ಅದು ಇರಲೇ ಇಲ್ಲ. ಆದ್ದರಿಂದ ಅದರ ಲೆಕ್ಕವನ್ನು ಬೇರೆಯಾಗಿಯೇ ಕಲಿಯಬೇಕು.

ಲೆಕ್ಕ ಎರಡೇ: ನೀರು ಮತ್ತು ಹುಳಿ

ನೂರು ಗ್ರಾಂ ಟೊಮೆಟೊದಲ್ಲಿ ಸುಮಾರು 94 ಗ್ರಾಂ ನೀರು. ಬೂಷ್ಟು, ಹುದುಗು, ಬ್ಯಾಕ್ಟೀರಿಯಾಗಳಿಗೆ ಬದುಕಲು ಬೇಕಾದದ್ದು ಈ ನೀರೇ. ಮಿಡಿಯಲ್ಲಿ ಉಪ್ಪು ಬಹುಪಾಲು ನೀರನ್ನು ಹೊರಗೆಳೆದು ಮಿಡಿಯನ್ನು ಚಿರುಟಿಸುತ್ತದೆ. ಹಣ್ಣು ಟೊಮೆಟೊದಲ್ಲಿ ಹಾಗೆ ಚಿರುಟುವುದಕ್ಕೆ ಗಟ್ಟಿ ತಿರುಳೇ ಇಲ್ಲ. ಉಪ್ಪು ಸೇರಿಸಿದಷ್ಟೂ ನೀರು ಬಿಡುತ್ತದೆ, ಬಿಟ್ಟ ನೀರಿನಲ್ಲಿ ಉಪ್ಪು ತೆಳುವಾಗುತ್ತದೆ.

ಇನ್ನೊಂದು ಹುಳಿಯ ಲೆಕ್ಕ. ಹುಳಿಯನ್ನು ಅಳೆಯುವ ಪಿಎಚ್ ಎಂಬ ಅಂಕ ಇಳಿದಷ್ಟೂ ಹುಳಿ ಹೆಚ್ಚು. ಒಂದು ಅಂಕ ಇಳಿದರೆ ಹುಳಿ ಹತ್ತು ಪಟ್ಟಾಯಿತೆಂದೇ ಅರ್ಥ. ಮಾವಿನ ಮಿಡಿ 3ರ ಆಸುಪಾಸಿನಲ್ಲಿದೆ, ನಿಂಬೆರಸ ಅದಕ್ಕೂ ಕೆಳಗೆ. ಟೊಮೆಟೊ ತಳಿಗೆ ತಕ್ಕಂತೆ, ಹಣ್ಣಾದಷ್ಟಕ್ಕೆ ತಕ್ಕಂತೆ 4.2ರಿಂದ 4.9ರವರೆಗೆ ಓಡಾಡುತ್ತದೆ. ಕಾಪಿಡುವವರು ಗೆರೆ ಎಳೆಯುವುದು 4.6ಕ್ಕೆ. ಅದಕ್ಕಿಂತ ಹುಳಿ ಕಡಿಮೆಯಾದರೆ, ಗಾಳಿಯಾಡದ ಬಾಟಲಿಯೊಳಗೆ ಬಾಟುಲಿನಂ ಎಂಬ ಮಣ್ಣಿನ ಬ್ಯಾಕ್ಟೀರಿಯಾ ಬೆಳೆದು ವಿಷ ಮಾಡಬಲ್ಲುದು. ಆ ವಿಷಕ್ಕೆ ವಾಸನೆಯೂ ಇಲ್ಲ, ರುಚಿಯೂ ಇಲ್ಲ. ನಮ್ಮ ಟೊಮೆಟೊ ಗೆರೆಯ ಆಚೆ ಇದೆಯೋ ಈಚೆ ಇದೆಯೋ ಎಂದು ನಾಲಗೆ ಹೇಳಲಾರದು. ಸಿಹಿ ಹೆಚ್ಚಿದ್ದರೆ ಹುಳಿ ಕಡಿಮೆ ಅನಿಸುತ್ತದೆ, ಅಷ್ಟೇ.

ಇಲ್ಲಿಂದ ಮುಂದೆ ಬಾಟಲಿಯಲ್ಲಿ ಕಾಪಿಡಲು ಹೇಳುವ ಪ್ರತಿಯೊಂದು ಕ್ರಮವೂ ಈ ಎರಡರಲ್ಲಿ ಒಂದನ್ನು ಮಾಡುತ್ತದೆ: ನೀರು ತೆಗೆಯುವುದು ಅಥವಾ ಹುಳಿ ಸೇರಿಸುವುದು. ತೊಕ್ಕಿನಲ್ಲಿ ಎರಡೂ ಇದೆ. ಅದಕ್ಕೇ ನನ್ನ ಮಟ್ಟಿಗೆ ಅಗಲ್ಪಾಡಿಯ ಹವೆಗೆ ಅದರಷ್ಟು ಹೊಂದುವುದು ಇನ್ನೊಂದಿಲ್ಲ.

ತರುವಾಗ, ಇಡುವಾಗ

1. ನಾಟಿ ಮತ್ತು ಹೈಬ್ರಿಡ್ ಒಂದೇ ಕೆಲಸಕ್ಕಲ್ಲ. ಗೆರೆಗೆರೆಯಾಗಿ ಚಪ್ಪಟೆಯಾದ ನಾಟಿ ಹಣ್ಣಿನಲ್ಲಿ ರಸ ಹೆಚ್ಚು, ಹುಳಿ ಹೆಚ್ಚು. ಸಾರಿಗೆ, ಗೊಜ್ಜಿಗೆ ಅದೇ ಸರಿ. ಮೊಟ್ಟೆಯಂತೆ ಉದ್ದಗಿನ, ದಪ್ಪ ಸಿಪ್ಪೆಯ ಹೈಬ್ರಿಡ್‌ನಲ್ಲಿ ತಿರುಳು ಹೆಚ್ಚು. ತೊಕ್ಕಿಗೆ, ಒಣಗಿಸಲಿಕ್ಕೆ ಅದು ಬೇಕು. ನಾಟಿಯನ್ನೇ ಬತ್ತಿಸಹೊರಟರೆ ಗ್ಯಾಸು ದಂಡ.

2. ಹಣ್ಣಾಗಿರದ ಟೊಮೆಟೊವನ್ನು ಫ್ರಿಜ್ಜಿಗೆ ಇಡಬೇಡಿ. ಸುಮಾರು 12 ಡಿಗ್ರಿಗಿಂತ ಕೆಳಗೆ ಪರಿಮಳ ಕೂಡುವ ಕ್ರಿಯೆ ನಿಂತುಹೋಗುತ್ತದೆ, ಮತ್ತೆ ಹೊರಗಿಟ್ಟರೂ ಪೂರ್ತಿ ಮರಳುವುದಿಲ್ಲ. ಪೂರ್ತಿ ಹಣ್ಣಾದದ್ದು ಕೈಮೀರುವಂತಿದ್ದರೆ ಮಾತ್ರ ಎರಡು ದಿನ ಒಳಗಿರಲಿ.

3. ಗೆರಸೆಯಲ್ಲಿ ಕಾಗದ ಹಾಸಿ, ಒಂದೇ ಪದರದಲ್ಲಿ, ತೊಟ್ಟಿನ ಭಾಗ ಕೆಳಗಾಗಿ ಇಡಿ. ಟೊಮೆಟೊದ ಸಿಪ್ಪೆಯಿಂದ ನೀರು ಹೋಗುವುದು ಬಹಳ ಕಡಿಮೆ. ಹೋಗುವುದೂ ಬೂಷ್ಟು ಒಳಬರುವುದೂ ಹೆಚ್ಚಾಗಿ ತೊಟ್ಟು ಕಿತ್ತ ಗಾಯದಿಂದಲೇ. ಆ ಬಾಯಿ ಮುಚ್ಚಿದರೆ ಎರಡು ಮೂರು ದಿನ ಹೆಚ್ಚು ಸಿಗುತ್ತದೆ.

4. ಹಸಿರು ಕಾಯಿ ಬಂದಿದ್ದರೆ ಹಣ್ಣು ಕದಳಿಯ ಜೊತೆ ಕಾಗದದಲ್ಲಿ ಸುತ್ತಿಡಿ. ಬಾಳೆಹಣ್ಣು ಬಿಡುವ ಎಥಿಲೀನ್ ಅನಿಲ ಇದನ್ನೂ ಹಣ್ಣು ಮಾಡುತ್ತದೆ.

5. ಒಡೆದದ್ದು, ಜಜ್ಜಿದ್ದು ಇವತ್ತಿನ ಸಾರಿಗೆ. ಕಾಪಿಡುವುದಕ್ಕೆ ಗಾಯವಿಲ್ಲದ ಹಣ್ಣೇ ಆಗಬೇಕು. ‘ಹಾಳಾಗುವುದನ್ನು ಉಪ್ಪಿನಕಾಯಿ ಹಾಕೋಣ’ ಎಂಬ ಲೆಕ್ಕವೇ ತಪ್ಪು.

ಮನೆಯಲ್ಲಿ ಬೆಳೆಯುವವರಿಗೆ ಒಂದು ಮಾತು. ನಮ್ಮ ಮುರಕಲ್ಲಿನ ಹುಳಿಮಣ್ಣಿನಲ್ಲಿ ಟೊಮೆಟೊ ಗಿಡ ಹಸಿರಾಗಿದ್ದಂತೆಯೇ ಒಂದು ಬೆಳಗ್ಗೆ ಜೋತುಬಿದ್ದು ಸಾಯುತ್ತದೆ. ಅದು ಬ್ಯಾಕ್ಟೀರಿಯಾದಿಂದ ಬರುವ ಸೊರಗು ರೋಗ. ಅದನ್ನು ತಡೆಯಲೆಂದೇ ಕೇರಳ ಕೃಷಿ ವಿಶ್ವವಿದ್ಯಾಲಯ ‘ಶಕ್ತಿ’, ‘ಮುಕ್ತಿ’, ‘ಅನಘ’ ತಳಿಗಳನ್ನು ಕೊಟ್ಟಿದೆ. ಬೆಂಗಳೂರಿನ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ‘ಅರ್ಕಾ ರಕ್ಷಕ್’ ಎಲೆಮುದುಡು ವೈರಸ್, ಸೊರಗು, ಮುಂಚಿನ ಅಂಗಮಾರಿ ಮೂರನ್ನೂ ತಡೆದುಕೊಳ್ಳುವ ತಳಿ. ತುಲಾ ತಿಂಗಳ ಮಳೆ ಕಳೆದ ಮೇಲೆ ಚೀಲದಲ್ಲಿ ನೆಟ್ಟರೆ ಜನವರಿಯಿಂದ ಹಣ್ಣು. ಆದರೆ ಸತ್ತ ಗಿಡದಿಂದ ಕೊಯ್ದ ಹಣ್ಣನ್ನು ಬಾಟಲಿಯಲ್ಲಿ ತುಂಬಿಡುವ ಕೆಲಸಕ್ಕೆ ಖಂಡಿತ ಬಳಸಬೇಡಿ. ಅದರಲ್ಲಿ ಹುಳಿ ಇನ್ನೂ ಕಡಿಮೆಯಾಗಿರುತ್ತದೆ.

ಅಂದಂದಿನ ಅಡುಗೆಗೆ ಮೂರು

ಮೊದಲು ಎರಡು ಮಾತು ಹೇಳಿಬಿಡುತ್ತೇನೆ. ತೊಗರಿಬೇಳೆ ಬೇಯುವ ಮೊದಲೇ ಟೊಮೆಟೊ ಸೇರಿಸಿದರೆ ಬೇಳೆ ಎಷ್ಟು ಹೊತ್ತಾದರೂ ಕರಗುವುದಿಲ್ಲ. ಬೇಳೆಯ ಕಣಗಳನ್ನು ಅಂಟಿಸಿ ಹಿಡಿದ ಪೆಕ್ಟಿನ್ ಹುಳಿಯಲ್ಲಿ ಕರಗದಿರುವುದೇ ಕಾರಣ. ಕೊದಿಲಿಗೆ ಆದರೂ ಸಾರಿಗೆ ಆದರೂ ಬೇಳೆ ಬೆಂದ ಮೇಲೆಯೇ ಟೊಮೆಟೊ. ಇನ್ನೊಂದು, ಬೀಜದ ಸುತ್ತಲಿನ ಲೋಳೆಯನ್ನು ಹಿಂಡಿ ಚೆಲ್ಲಬೇಡಿ. ನಾಲಗೆಗೆ ‘ಇನ್ನೊಂದು ಸೌಟು ಬೇಕು’ ಅನಿಸುವ ಗ್ಲುಟಮೇಟ್ ತಿರುಳಿಗಿಂತ ಆ ಲೋಳೆಯಲ್ಲೇ ಹೆಚ್ಚು.

ಸಾರು. ನಾಟಿ ಟೊಮೆಟೊ ನಾಲ್ಕನ್ನು ಕೈಯಲ್ಲೇ ಕಿವುಚಿ ಎರಡೂವರೆ ಕುಡ್ತೆ ನೀರಿಗೆ ಹಾಕಿ, ಉಪ್ಪು, ಅಡಿಕೆ ಗಾತ್ರದ ಬೆಲ್ಲ, ಸೀಳಿದ ಒಂದು ಹಸಿಮೆಣಸು ಸೇರಿಸಿ ಕುದಿಸಿ. ಕುದಿ ಬಂದ ಮೇಲೆ ಏಳೆಂಟು ನಿಮಿಷ ಸಾಕು. ಹೆಚ್ಚು ಕುದಿಸಿದರೆ ಹಸಿ ಪರಿಮಳ ಹಾರಿ ಜಾಮಿನ ವಾಸನೆ ಬರುತ್ತದೆ. ಜೀರಿಗೆ, ಕಾಳುಮೆಣಸು ಅರ್ಧರ್ಧ ಚಮಚ ಜಜ್ಜಿ ಹಾಕಿ ಇಳಿಸಿ. ತೆಂಗಿನೆಣ್ಣೆಯಲ್ಲಿ ಸಾಸಿವೆ, ಬೆಳ್ಳುಳ್ಳಿ, ಕರಿಬೇವಿನ ಒಗ್ಗರಣೆ. ಎಣ್ಣೆ ಇಲ್ಲಿ ಬರೀ ಪರಿಮಳಕ್ಕಲ್ಲ. ಟೊಮೆಟೊದ ಕೆಂಪು ಬಣ್ಣವಾದ ಲೈಕೊಪೀನ್ ಎಣ್ಣೆಯಲ್ಲಿ ಕರಗುವಂಥದ್ದು, ಬೆಂದಾಗ, ಎಣ್ಣೆ ಸೇರಿದಾಗ ಮೈಗೆ ಹೆಚ್ಚು ಸಿಗುತ್ತದೆ.

ಸುಟ್ಟ ಗೊಜ್ಜು. ಬಚ್ಚಲ ಒಲೆಯಲ್ಲಿ ಕೆಂಡ ಇದ್ದರೆ ಅದೇ ಒಳ್ಳೆಯದು. ಹಣ್ಣನ್ನು ಸಿಪ್ಪೆ ಕರಟುವವರೆಗೆ ತಿರುಗಿಸಿ ಸುಡಿ, ಮುಚ್ಚಿಡಿ, ಐದು ನಿಮಿಷದಲ್ಲಿ ಸಿಪ್ಪೆ ತಾನೇ ಸಡಿಲುತ್ತದೆ. ಉಪ್ಪು, ಬೆಲ್ಲ, ಎರಡು ಜೀರಿಗೆಮೆಣಸು ಸೇರಿಸಿ ಕೈಯಲ್ಲಿ ಹಿಸುಕಿ, ಮೇಲೊಂದು ಒಗ್ಗರಣೆ. ಮಿಕ್ಸಿಗೆ ಹಾಕಿದರೆ ಗಾಳಿ ಸೇರಿ ಬಣ್ಣ ಬಿಳುಚಿಕೊಳ್ಳುತ್ತದೆ, ಬೀಜ ಒಡೆದು ಕಹಿಯೂ ಬರುತ್ತದೆ. ಕುಚ್ಚಲಕ್ಕಿ ಗಂಜಿಗೆ ಇದೊಂದಿದ್ದರೆ ಬೇರೆ ಬೇಡ.

ಸಾಸಮೆ. ಗಟ್ಟಿ ಹಣ್ಣನ್ನು ಸಣ್ಣಗೆ ಹೆಚ್ಚಿ ಉಪ್ಪು, ಬೆಲ್ಲ ಬೆರೆಸಿಡಿ. ಅರ್ಧ ಹೋಳು ತೆಂಗಿನಕಾಯಿ, ಒಂದು ಹಸಿಮೆಣಸು ನುಣ್ಣಗೆ ಅರೆದು, ಕೊನೆಗೆ ಅರ್ಧ ಚಮಚ ಸಾಸಿವೆ ಸೇರಿಸಿ ಒಂದು ಸುತ್ತು ಮಾತ್ರ ತಿರುಗಿಸಿ. ಸಾಸಿವೆ ಮೊದಲೇ ಹಾಕಿ ತುಂಬ ಅರೆದರೆ ಕಹಿ. ಮೊಸರು ಬೆರೆಸಿ ಊಟಕ್ಕೆ ಕೂರುವ ಹೊತ್ತಿಗೆ ಕಲಸಿ. ಮಧ್ಯಾಹ್ನದ್ದು ರಾತ್ರಿಗೆ ಬೇಡ.

ತೊಕ್ಕು: ನೀರೂ ಹೋಗಲಿ, ಹುಳಿಯೂ ಬರಲಿ

ಎರಡು ಕಿಲೋ ಹೈಬ್ರಿಡ್ ಹಣ್ಣಿಗೆ: ಹುಣಸೆಹುಳಿ 100 ಗ್ರಾಂ, ಪುಡಿ ಉಪ್ಪು 100 ಗ್ರಾಂ, ಮೆಣಸಿನಪುಡಿ 70 ಗ್ರಾಂ (ಬ್ಯಾಡಗಿ ಮುಕ್ಕಾಲು, ಖಾರದ್ದು ಕಾಲು), ಎಳ್ಳೆಣ್ಣೆ 200 ಮಿಲಿ, ಹುರಿದು ಪುಡಿಮಾಡಿದ ಸಾಸಿವೆ ಎರಡು ಚಮಚ, ಮೆಂತೆ ಒಂದು ಚಮಚ, ಇಂಗು, ಅರಸಿನ. ಉಪ್ಪನ್ನು ತೂಗಿಯೇ ಹಾಕಿ. ಹರಳುಪ್ಪು ಮತ್ತು ಪುಡಿಯುಪ್ಪು ಒಂದೇ ಚಮಚದಲ್ಲಿ ಒಂದೇ ತೂಕ ಬರುವುದಿಲ್ಲ.

1. ಹಣ್ಣು ತೊಳೆದು, ಬೈರಾಸಿನಲ್ಲಿ ಒಂದೊಂದನ್ನೂ ಒರಸಿ, ಒಂದು ಗಂಟೆ ಫ್ಯಾನಿನಡಿ ಹರಡಿ. ತೊಟ್ಟಿನ ಗಟ್ಟಿ ಭಾಗ ತೆಗೆದು ಹೆಚ್ಚಿ.

2. ಅಗಲ ಬಾಯಿಯ, ದಪ್ಪ ತಳದ ಸ್ಟೀಲು ಪಾತ್ರೆ ಅಥವಾ ಕಲ್ಲಿನ ಪಾತ್ರೆ ಇಡಿ. ಅಗಲ ಬೇಕಾದದ್ದು ನೀರು ಬೇಗ ಆವಿಯಾಗಲಿಕ್ಕೆ. ಕಿರಿದಾದ ಬಾಯಿಯ ಪಾತ್ರೆಯಲ್ಲಿ ಎರಡು ಪಟ್ಟು ಹೊತ್ತು ಹಿಡಿಯುತ್ತದೆ, ಆ ಹೊತ್ತಿನಲ್ಲಿ ಬಣ್ಣ ಕಂದುತ್ತದೆ.

3. ಹುಣಸೆಯನ್ನು ಬೇರೆ ನೀರಿನಲ್ಲಿ ನೆನೆಸಬೇಡಿ. ನಾರು, ಬೀಜ ತೆಗೆದು ನೇರ ಟೊಮೆಟೊದೊಳಗೆ ಹಾಕಿ, ಆ ರಸದಲ್ಲೇ ಕರಗಲಿ. ಮುಚ್ಚಳವಿಲ್ಲದೆ ಮಧ್ಯಮ ಉರಿಯಲ್ಲಿ ಮುಕ್ಕಾಲು ಗಂಟೆ.

4. ಆರಿದ ಮೇಲೆ ಅರೆದು ಜರಡಿ ಹಿಡಿದು, ಮತ್ತೆ ಒಲೆಗೆ. ಉಪ್ಪು, ಅರಸಿನ ಈಗ.

5. ಚಿಮ್ಮಲು ಶುರುವಾದಾಗ ಉರಿ ಇಳಿಸಿ. ಬೇರೆ ಬಾಣಲೆಯಲ್ಲಿ ಎಣ್ಣೆ ಕಾಯಿಸಿ, ಒಂದು ಚಮಚ ಇಡೀ ಸಾಸಿವೆ ಸಿಡಿಸಿ, ಇಂಗು ಹಾಕಿ, ಸ್ವಲ್ಪ ಆರಿದ ಮೇಲೆ ಮೆಣಸಿನಪುಡಿ ಕಲಸಿ ಮಿಶ್ರಣಕ್ಕೆ ಸೇರಿಸಿ. ಕಾದ ಎಣ್ಣೆಗೆ ಪುಡಿ ಹಾಕಿದರೆ ಕರಟಿ ಇಡೀ ತೊಕ್ಕು ಕಹಿಯಾಗುತ್ತದೆ.

6. ಬದಿಗಳಲ್ಲಿ ಎಣ್ಣೆ ಬಿಡುವವರೆಗೆ ಕೈಯಾಡಿಸಿ. ಸಾಸಿವೆ-ಮೆಂತೆ ಪುಡಿ ಕೊನೆಗೆ.

ಹದ ನೋಡುವ ರೀತಿ: ಒಂದು ಚಮಚ ತೊಕ್ಕನ್ನು ತಟ್ಟೆಗೆ ಹಾಕಿ ಎರಡು ನಿಮಿಷ ಬಿಡಿ. ಸುತ್ತ ನೀರಿನ ಉಂಗುರ ಕಂಡರೆ ಇನ್ನೂ ಹತ್ತು ನಿಮಿಷ ಬೇಕು. ಉಂಗುರ ಎಣ್ಣೆಯದ್ದಾದರೆ ಆಯಿತು. ಒಟ್ಟು ತೂಕ ಒಂದು ಕಿಲೋದ ಹತ್ತಿರ ಬಂದಿರುತ್ತದೆ, ಅಂದರೆ ಹತ್ತರಲ್ಲಿ ಒಂದು ಪಾಲು ಉಪ್ಪು.

ಪೂರ್ತಿ ಆರುವವರೆಗೆ ತೆಳು ಬಟ್ಟೆ ಮುಚ್ಚಿಡಿ, ಮುಚ್ಚಳ ಬೇಡ. ಬಿಸಿಯಲ್ಲೇ ಮುಚ್ಚಿದರೆ ಆವಿ ಮುಚ್ಚಳದಲ್ಲಿ ಹನಿಗಟ್ಟಿ ಮೇಲಿನ ಪದರಕ್ಕೆ ಬೀಳುತ್ತದೆ, ಬೂಷ್ಟು ಅಲ್ಲಿಂದಲೇ ಶುರು. ಒಂದೇ ದೊಡ್ಡ ಭರಣಿಗಿಂತ ಕಾಲು ಕಿಲೋದ ನಾಲ್ಕು ಬಾಟಲಿ ಒಳ್ಳೆಯದು. ಬಿಸಿಲಿನ ತಿಂಗಳುಗಳಲ್ಲಿ ಬಾಟಲಿ ಹೊರಗಿರಬಹುದು. ಮಳೆ ಹಿಡಿದ ಮೇಲೆ ತೆರೆದದ್ದು ಫ್ರಿಜ್ಜಿನಲ್ಲೇ ಇರಲಿ. ತೆಂಗಿನೆಣ್ಣೆ ಯಾಕೆ ಬೇಡ ಎಂದು ಕೇಳುವವರಿದ್ದಾರೆ. 24 ಡಿಗ್ರಿಯ ಆಸುಪಾಸಿನಲ್ಲಿ ಅದು ಹೆಪ್ಪುಗಟ್ಟುತ್ತದೆ, ಫ್ರಿಜ್ಜಿನಿಂದ ತೆಗೆದ ತೊಕ್ಕು ಮೇಣದಂತಿರುತ್ತದೆ.

ಬೆಳ್ಳುಳ್ಳಿಯನ್ನು ನಾನು ಇದರಲ್ಲಿ ಬೇಕೆಂದೇ ಬಿಟ್ಟಿದ್ದೇನೆ. ಅದಕ್ಕೆ ಸ್ವಂತ ಹುಳಿ ಇಲ್ಲ, ಮಣ್ಣಿನೊಳಗೆ ಬೆಳೆದದ್ದು ಬೇರೆ. ಬೇಕೆನಿಸಿದರೆ ಬಡಿಸುವ ದಿನ ಒಗ್ಗರಣೆ ಕೊಟ್ಟುಕೊಳ್ಳಿ.

ರಸ ಬಾಟಲಿಯಲ್ಲಿ: ಇಲ್ಲಿ ಅಂದಾಜು ಸಲ್ಲದು

ಮೊದಲ ಬಾರಿ ನಾನು ಮಾಡಿದಾಗ ಜಾಮಿನ ಹಳೆ ಬಾಟಲಿಗಳಿಗೆ ಕುದಿಯುವ ರಸ ಸುರಿದು, ಬಿಗಿಯಾಗಿ ಮುಚ್ಚಿ, ಅಟ್ಟದಲ್ಲಿಟ್ಟೆ. ಮೂರು ವಾರಕ್ಕೆ ಎರಡು ಮುಚ್ಚಳ ಉಬ್ಬಿದವು. ಉಬ್ಬದ ಬಾಟಲಿಗಳನ್ನೂ ತೆರೆಯದೆ ಹೊರಗೆ ಹೂತುಹಾಕಿದೆವು. ಹುಳಿ ಸೇರಿಸಿರಲಿಲ್ಲ, ಮುಚ್ಚಿದ ಬಾಟಲಿಯನ್ನು ಮತ್ತೆ ಕುದಿಸಿರಲಿಲ್ಲ, ಮುಚ್ಚಳ ಹಳತು. ಮೂರೂ ತಪ್ಪುಗಳು ಒಂದೇ ದಿನ ಆಗಿದ್ದವು.

ಸರಿಯಾದ ಕ್ರಮ ಹೀಗಿದೆ.

1. ಎಲ್ಲವನ್ನೂ ಮೊದಲೇ ಹೆಚ್ಚಿಟ್ಟುಕೊಳ್ಳಬೇಡಿ. ಹಣ್ಣು ಕತ್ತರಿಸಿದ ಕೂಡಲೇ ಅದರೊಳಗಿನ ಕಿಣ್ವಗಳು ಪೆಕ್ಟಿನ್ ಒಡೆಯಲು ತೊಡಗುತ್ತವೆ. ಆಮೇಲೆ ರಸ ಎಷ್ಟು ಬತ್ತಿಸಿದರೂ ಮೇಲೆ ನೀರು, ಕೆಳಗೆ ತಿರುಳು ಎಂದು ಬೇರೆಯಾಗುತ್ತದೆ. ಬಿಸಿ ತಾಗಿದರೆ ಕಿಣ್ವ ಸಾಯುತ್ತದೆ. ಆದ್ದರಿಂದ ನಾಲ್ಕು ಹಣ್ಣು ಹೆಚ್ಚಿ ಬಿಸಿ ಪಾತ್ರೆಗೆ ಹಾಕಿ ಜಜ್ಜಿ, ಕುದಿ ಬಂದ ಮೇಲೆ ಮತ್ತೆ ನಾಲ್ಕು, ಹೀಗೆ ಕುದಿ ನಿಲ್ಲದಂತೆ ಸೇರಿಸುತ್ತ ಹೋಗಿ.

2. ಹತ್ತು ನಿಮಿಷ ಬೆಂದದ್ದನ್ನು ಜರಡಿ ಹಿಡಿದು, ಅರ್ಧಕ್ಕೆ ಬತ್ತಿಸಿ. ಈರುಳ್ಳಿ, ಬೆಳ್ಳುಳ್ಳಿ, ಸೊಪ್ಪು ಯಾವುದೂ ಬೇಡ. ಅವು ಸೇರಿದರೆ ಹುಳಿಯ ಲೆಕ್ಕ ತಪ್ಪುತ್ತದೆ.

3. ಅರ್ಧ ಲೀಟರಿನ ಪ್ರತಿ ಬಾಟಲಿಗೂ ಕಾಲು ಟೀ ಚಮಚ ತುಂಬ ಸಿಟ್ರಿಕ್ ಆಸಿಡ್ ಮೊದಲು ಹಾಕಿ, ಮೇಲೆ ಕುದಿಯುವ ರಸ. ತೋಟದ ನಿಂಬೆಯ ಹುಳಿ ಹಣ್ಣಿನಿಂದ ಹಣ್ಣಿಗೆ ಬದಲಾಗುತ್ತದೆ, ಪುಡಿಯದ್ದು ಬದಲಾಗುವುದಿಲ್ಲ. ರುಚಿಗೆ ಹುಳಿ ಹೆಚ್ಚೆನಿಸಿದರೆ ಅಡುಗೆಯ ದಿನ ಬೆಲ್ಲ ಹಾಕಿ. ಹುಳಿ ಮಾತ್ರ ಕಡಿಮೆ ಮಾಡಬೇಡಿ.

4. ಮೇಲೆ ಅರ್ಧ ಇಂಚು ಜಾಗ ಬಿಡಿ. ಬಾಯಿ ಒರಸಿ, ಒಳಗೆ ರಬ್ಬರಿನ ಪದರವಿರುವ ಹೊಸ ಮುಚ್ಚಳ ಹಾಕಿ.

5. ದೊಡ್ಡ ಪಾತ್ರೆಯ ತಳಕ್ಕೆ ಬಟ್ಟೆ ಹಾಸಿ ಬಾಟಲಿ ನಿಲ್ಲಿಸಿ, ಮುಚ್ಚಳದ ಮೇಲೆ ಒಂದು ಇಂಚು ನಿಲ್ಲುವಷ್ಟು ಬಿಸಿನೀರು ಹೊಯ್ಯಿರಿ. ನೀರು ಕುದಿಯತೊಡಗಿದ ಮೇಲಿಂದ ಲೆಕ್ಕ ಹಿಡಿದು 40 ನಿಮಿಷ. ನಮ್ಮದು ಸಮುದ್ರಕ್ಕೆ ಹತ್ತಿರದ ತಗ್ಗು ಸೀಮೆ, ಈ ಹೊತ್ತು ಸಾಕು. ಮಡಿಕೇರಿಯಂಥ ಎತ್ತರದಲ್ಲಿ ನೀರು ಕಡಿಮೆ ಬಿಸಿಯಲ್ಲೇ ಕುದಿಯುವುದರಿಂದ ಅಲ್ಲಿರುವ ಮಗಳಿಗೆ ಹೇಳಿಕೊಡುವಾಗ ಇನ್ನೂ ಹತ್ತು ನಿಮಿಷ ಸೇರಿಸಿ ಹೇಳಿ.

6. ಹೊರತೆಗೆದು ಬಟ್ಟೆಯ ಮೇಲೆ ಇಟ್ಟು ರಾತ್ರಿಯಿಡೀ ಮುಟ್ಟಬೇಡಿ. ಬೆಳಗ್ಗೆ ಮುಚ್ಚಳದ ನಡು ಒಳಕ್ಕೆ ತಗ್ಗಿರಬೇಕು, ಒತ್ತಿದರೆ ‘ಟಕ್’ ಎನ್ನಬಾರದು. ‘ಟಕ್’ ಎಂದರೆ ಆ ಬಾಟಲಿ ಫ್ರಿಜ್ಜಿಗೆ, ಒಂದು ವಾರದೊಳಗೆ ಮುಗಿಯಲಿ.

ತೊಕ್ಕಿಗೆ ಆರಿಸಿ ಮುಚ್ಚಿ ಎಂದೆ, ಇಲ್ಲಿ ಬಿಸಿಯಲ್ಲೇ ಮುಚ್ಚಿ ಎನ್ನುತ್ತಿದ್ದೇನೆ. ಗೊಂದಲ ಬೇಡ. ತೊಕ್ಕನ್ನು ಉಳಿಸುವುದು ಅದರೊಳಗೆ ನೀರು ಕಡಿಮೆಯಿರುವುದು. ಹನಿ ನೀರೂ ಅದಕ್ಕೆ ಶತ್ರು. ರಸದಲ್ಲಿ ನೀರು ಇದ್ದೇ ಇದೆ. ಅದನ್ನು ಉಳಿಸುವುದು ಹುಳಿ, ಬಿಸಿ ಮತ್ತು ಗಾಳಿಯಿಲ್ಲದ ಮುಚ್ಚಳ.

ಕುಕ್ಕರಿನಲ್ಲಿ ನಾಲ್ಕು ಸೀಟಿ ಹಾಕಿಸಿದರೆ ಸಾಲದೇ ಎಂದು ಕೇಳುತ್ತಾರೆ. ಸಾಲದು. ಬಾಟಲಿಯ ನಡುವಿಗೆ ಬಿಸಿ ತಲುಪಿತೋ ಇಲ್ಲವೋ ಸೀಟಿ ಹೇಳುವುದಿಲ್ಲ. ಹೊಸ ಮುಚ್ಚಳ ಸಿಗದಿದ್ದರೆ ಈ ಕ್ರಮವನ್ನೇ ಬಿಡಿ, ತೊಕ್ಕು ಮಾಡಿ.

ಐದು ಬಿಸಿಲು

ಅಡಿಕೆ ಒಣಗಿಸುವವರಿಗೆ ಬಿಸಿಲಿನ ಲೆಕ್ಕ ಕಲಿಸಬೇಕಾಗಿಲ್ಲ. ಟೊಮೆಟೊಗೆ ನಮ್ಮಲ್ಲಿ ಐದು ಒಳ್ಳೆಯ ಬಿಸಿಲು ಬೇಕು. ಫೆಬ್ರವರಿ, ಮಾರ್ಚ್ ಸೂಕ್ತ. ಏಪ್ರಿಲ್ ನಡು ಕಳೆದರೆ ಸಂಜೆ ಗುಡುಗುತ್ತದೆ. ಮೊದಲ ಎರಡು ದಿನ ಮೋಡ ಬಂದರೆ ಬಿಸಿಲಿಗಾಗಿ ಕಾಯಬೇಡಿ, ಇದ್ದದ್ದನ್ನು ತೊಕ್ಕಿಗೆ ತಿರುಗಿಸಿ.

ಗಟ್ಟಿ ಹಣ್ಣನ್ನು ಅರ್ಧ ಬೆರಳು ದಪ್ಪಕ್ಕೆ ಬಿಲ್ಲೆ ಮಾಡಿ, ಕಿಲೋಗೆ ಎರಡು ಚಮಚ ಉಪ್ಪು ಉದುರಿಸಿ, ಅರ್ಧ ಗಂಟೆ ಜರಡಿಯಲ್ಲಿ ನೀರಿಳಿಸಿ. ಮಂಚದ ಚೌಕಟ್ಟಿಗೆ ಹಳೆಯ ಬಿಳಿ ಪಂಚೆ ಬಿಗಿದು ಅದರ ಮೇಲೆ ಹರಡಿ, ಮೇಲೊಂದು ತೆಳು ಬಟ್ಟೆ. ಕೆಳಗಿನಿಂದಲೂ ಗಾಳಿಯಾಡಬೇಕು, ಅದಕ್ಕೇ ನೆಲದ ಮೇಲೆ ಬೇಡ. ಮಂಚದ ಕಾಲುಗಳನ್ನು ನೀರಿನ ಗೆರಟೆಯಲ್ಲಿಟ್ಟರೆ ಇರುವೆ ಹತ್ತದು. ಸಂಜೆ ನಾಲ್ಕೂವರೆಗೆ ಒಳಗೆ ತನ್ನಿ. ಇಬ್ಬನಿ ಬಿದ್ದರೆ ಒಂದು ಬಿಸಿಲಿನ ಕೆಲಸ ಹಾಳು.

ಅಡಿಕೆ ಅಂಗಳದ ಬಗ್ಗೆ ಒಂದು ಎಚ್ಚರಿಕೆ. ಅಡಿಕೆ ಹರಡಿದ ಚಾಪೆ, ಟರ್ಪಾಲುಗಳಲ್ಲಿ ಬೂಷ್ಟಿನ ಬೀಜ ಕೂತಿರುತ್ತದೆ. ಕೊಳೆರೋಗಕ್ಕೆ ಮೈಲುತುತ್ತು ಕದಡಿದ ಬಾಲ್ದಿ, ಡ್ರಮ್ಮು ಎಷ್ಟು ತೊಳೆದಿದ್ದರೂ ಟೊಮೆಟೊಗೆ ಬೇಡವೇ ಬೇಡ. ಹುಳಿ ತಾಗಿದರೆ ಅಂಟಿದ ತಾಮ್ರ ಕರಗಿ ಬರುತ್ತದೆ.

ಬಿಲ್ಲೆ ತೊಗಲಿನಂತೆ ಬಾಗಬೇಕು, ಹರಿದರೆ ಒಳಗೆ ತೇವ ಕಾಣಬಾರದು. ಒಂದು ಕಿಲೋ ಹಣ್ಣು 60ರಿಂದ 80 ಗ್ರಾಮಿಗೆ ಇಳಿದಿರುತ್ತದೆ. ತೂಗಿ ನೋಡಿದರೆ ಸಂಶಯ ಉಳಿಯದು. ಗಾಜಿನ ಬಾಟಲಿಗೆ ಮುಕ್ಕಾಲು ತುಂಬಿ ಒಂದು ವಾರ ದಿನಾ ಅಲುಗಿಸಿ ನೋಡಿ. ಗಾಜಿನಲ್ಲಿ ಮಂಜು ಕಂಡರೆ ಮತ್ತೆ ಬಿಸಿಲಿಗೆ. ಆಮೇಲೆ ಎರಡು ದಿನ ಫ್ರೀಜರಿನಲ್ಲಿಟ್ಟು ತೆಗೆದರೆ ನೊಣ, ಹುಳಗಳ ಮೊಟ್ಟೆ ಸಾಯುತ್ತದೆ. ಪುಡಿ ಮಾಡುವುದಾದರೆ ವಾರಕ್ಕೆ ಬೇಕಾದಷ್ಟೇ ಮಾಡಿ. ಆಟಿಯ ಗಾಳಿಯಲ್ಲಿ ಟೊಮೆಟೊ ಪುಡಿ ಒಂದೇ ರಾತ್ರಿಗೆ ಕಲ್ಲಾಗುತ್ತದೆ.

ಫ್ರೀಜರಿನ ವಿಷಯ ಹೆಚ್ಚು ಹೇಳುವುದಿಲ್ಲ. ಇಡೀ ಹಣ್ಣು ತೊಳೆದು ಒರಸಿ ಚೀಲದಲ್ಲಿಟ್ಟರೆ ಸಾಕು. ತೆಗೆದು ನೀರಿನಡಿ ಹಿಡಿದರೆ ಸಿಪ್ಪೆ ಕೈಗೆ ಬರುತ್ತದೆ, ಸಾರಿಗೆ ಚೆನ್ನ. ಆದರೆ ಮರ ಬಿದ್ದು ಎರಡು ದಿನ ಕರೆಂಟಿಲ್ಲದ ನಮ್ಮ ಊರಿನಲ್ಲಿ ಎಲ್ಲವನ್ನೂ ಅದಕ್ಕೇ ಒಪ್ಪಿಸಬಾರದು. ಲೋಟದಲ್ಲಿ ನೀರು ಗಟ್ಟಿ ಮಾಡಿ ಮೇಲೊಂದು ನಾಣ್ಯ ಇಟ್ಟಿರಿ. ಮನೆಯಲ್ಲಿಲ್ಲದ ದಿನಗಳಲ್ಲಿ ಕರಗಿ ಮತ್ತೆ ಗಟ್ಟಿಯಾಗಿದ್ದರೆ ನಾಣ್ಯ ತಳಕ್ಕೆ ಇಳಿದಿರುತ್ತದೆ.

ಸಾಮಾನ್ಯವಾಗಿ ಆಗುವ ತಪ್ಪುಗಳು

*ಮೇಲೆ ಎಣ್ಣೆ ನಿಂತರೆ ಹಾಳಾಗದು ಎಂಬ ನಂಬಿಕೆ.* ಎಣ್ಣೆ ಗಾಳಿ ತಡೆದು ಬೂಷ್ಟನ್ನು ದೂರವಿಡುತ್ತದೆ, ಅಷ್ಟೇ. ಬಾಟುಲಿನಂಗೆ ಗಾಳಿ ಇಲ್ಲದ ಜಾಗವೇ ಇಷ್ಟ. ಅದನ್ನು ತಡೆಯುವುದು ಉಪ್ಪು ಮತ್ತು ಹುಳಿ. ಈ ತಪ್ಪು ತಿಳಿವಳಿಕೆ ಎಷ್ಟು ಬೇರೂರಿದೆ ಎಂದರೆ, ಉಪ್ಪು, ಹುಳಿ ಎರಡನ್ನೂ ಅರ್ಧ ಮಾಡಿ ‘ಎಣ್ಣೆ ಜಾಸ್ತಿ ಹಾಕಿದ್ದೇನೆ’ ಎಂದು ಧೈರ್ಯದಿಂದ ಹೊರಗಿಡುವವರನ್ನು ಕಂಡಿದ್ದೇನೆ.

*ರಕ್ತದೊತ್ತಡಕ್ಕೆಂದು ಉಪ್ಪು ಇಳಿಸುವುದು.* ಇಳಿಸಿ, ತಪ್ಪಿಲ್ಲ. ಆದರೆ ಅದು ಆಮೇಲೆ ಕಾಪಿಡುವ ತೊಕ್ಕಲ್ಲ, ಚಟ್ನಿ. ಫ್ರಿಜ್ಜಿನಲ್ಲಿ ಒಂದು ವಾರ.

*ಬೂಷ್ಟು ತೆಗೆದು ಉಳಿದದ್ದು ತಿನ್ನುವುದು.* ಕಾಣುವ ಬೂಷ್ಟಿನ ಕೆಳಗೆ ಕಾಣದ ಬೇರು ಇಳಿದಿರುತ್ತದೆ. ಅದು ಹುಳಿಯನ್ನು ತಿಂದು ಗೆರೆ ದಾಟಿಸಿರಲೂಬಹುದು. ಇಡೀ ಬಾಟಲಿ ಹೋಗಲಿ. ಉಬ್ಬಿದ ಮುಚ್ಚಳ, ತೆರೆದಾಗ ಚಿಮ್ಮುವ ರಸ, ನೊರೆ, ಇವು ಕಂಡರೆ ರುಚಿ ನೋಡಲೂಬೇಡಿ, ದನಕ್ಕೂ ಹಾಕಬೇಡಿ.

*ಅಲ್ಯುಮಿನಿಯಂ, ಕಲಾಯಿ ಹೋದ ಹಿತ್ತಾಳೆ ಪಾತ್ರೆ.* ಟೊಮೆಟೊದ ಹುಳಿ ಒಂದು ಗಂಟೆ ಕುದಿಯುವಾಗ ಲೋಹ ಬಿಡುತ್ತದೆ. ರುಚಿಯೂ ಕಿಲುಬು.

*ಒದ್ದೆ ಚಮಚ.* ಇದನ್ನು ಎಲ್ಲರೂ ಬಲ್ಲರು, ಮಕ್ಕಳು ಮಾತ್ರ ಮರೆಯುತ್ತಾರೆ. ಊಟಕ್ಕೆ ಸಣ್ಣ ಕುಪ್ಪಿಯಲ್ಲಿ ತೆಗೆದಿಡುವುದು ಸುಲಭದ ದಾರಿ.

ಎಷ್ಟು ಮಾಡಬೇಕು

ಕೋಲಾರದ ಮಾರುಕಟ್ಟೆಯಲ್ಲಿ ಟೊಮೆಟೊ ಹರಾಜಾಗುವುದು 15 ಕಿಲೋದ ಕ್ರೇಟಿನ ಲೆಕ್ಕದಲ್ಲಿ. ನಾಲ್ಕು ಜನರ ನಮ್ಮ ಮನೆಗೆ ಅಂಥ ಒಂದು ಕ್ರೇಟು ಜೂನಿನಿಂದ ಸೆಪ್ಟೆಂಬರ್‌ವರೆಗೆ ಸಾಕಾಗುತ್ತದೆ. ನಾಲ್ಕು ಕಿಲೋ ತೊಕ್ಕಿಗೆ, ಐದು ಕಿಲೋ ರಸಕ್ಕೆ, ನಾಲ್ಕು ಕಿಲೋ ಒಣಗಿಸಲಿಕ್ಕೆ. ಉಳಿದ ಎರಡರಲ್ಲಿ ಅರ್ಧ ಜಜ್ಜಿದ್ದೇ ಇರುತ್ತದೆ, ಅದು ಆ ವಾರದ ಸಾರಿಗೆ. ಎಲ್ಲವನ್ನೂ ಒಂದೇ ದಿನ ಮಾಡಹೊರಡಬೇಡಿ. ಮೊದಲ ದಿನ ಗಟ್ಟಿ ಹಣ್ಣು ಆರಿಸಿ ಬಿಸಿಲಿಗೆ, ಎರಡನೆಯ ದಿನ ರಸ, ಮೂರನೆಯ ದಿನ ಪೂರ್ತಿ ಹಣ್ಣಾದದ್ದು ತೊಕ್ಕಿಗೆ. ಪ್ರತಿ ಬಾಟಲಿಗೂ ತಾರೀಕು ಬರೆದು ಅಂಟಿಸಿ. ರಸದ ಬಾಟಲಿ ಮೊದಲು ಮುಗಿಯಲಿ, ಒಣಗಿದ್ದು ಕೊನೆಗೆ.

ಆಟಿಯಲ್ಲಿ ಕರೆಂಟು ಹೋಗಿ, ಅಂಗಡಿಗೆ ಹೋಗುವ ದಾರಿಯಲ್ಲಿ ನೀರು ಹರಿಯುವ ಸಂಜೆಗೆ ಹೀಗೆ ಮಾಡಿ: ಮೂರು ಕುಡ್ತೆ ನೀರು ಕುದಿಯಲಿಡಿ. ಒಂದು ದೊಡ್ಡ ಚಮಚ ತೊಕ್ಕು, ನಾಲ್ಕು ಒಣ ಬಿಲ್ಲೆ, ಚೂರು ಬೆಲ್ಲ ಹಾಕಿ. ಉಪ್ಪು ಹಾಕುವ ಮೊದಲು ರುಚಿ ನೋಡಿ, ತೊಕ್ಕಿನದ್ದೇ ಸಾಕಾಗಬಹುದು. ಬಿಲ್ಲೆ ಮೆತ್ತಗಾಗಲು ಹತ್ತು ನಿಮಿಷ. ಜೀರಿಗೆ, ಕಾಳುಮೆಣಸು ಜಜ್ಜಿ ಹಾಕಿ ಇಳಿಸಿ, ತೆಂಗಿನೆಣ್ಣೆಯಲ್ಲಿ ಬೆಳ್ಳುಳ್ಳಿಯ ಒಗ್ಗರಣೆ ಕೊಡಿ.